‘ಬೋರ್ಡ್ ಹೋಗಿದೆ’ ಅಂದರೆ ಏನು ಹೋಗಿದೆ?

ಅಂದಾಜು ಪಟ್ಟಿಯಲ್ಲಿ ಇದ್ದದ್ದು ಒಂದೇ ಸಾಲು: ‘ಮದರ್‌ಬೋರ್ಡ್ ಬದಲಾವಣೆ, 26,400 ರೂ., ಜಿಎಸ್‌ಟಿ ಬೇರೆ.’ ನಾಲ್ಕು ವರ್ಷದ ಹಿಂದೆ 54 ಸಾವಿರ ಕೊಟ್ಟು ತಂದ ಲ್ಯಾಪ್‌ಟಾಪ್ ಅದು, ಅಣ್ಣನ ಮಗಳದ್ದು. ಮೇ ತಿಂಗಳ ಒಂದು ಸಂಜೆ ಸಾಗರದ ಮನೆಯಲ್ಲಿ ಗುಡುಗು ಶುರುವಾದ ಮೇಲೂ ಚಾರ್ಜಿಗೆ ಹಾಕಿಯೇ ಇಟ್ಟಿದ್ದಳು. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಅಲ್ಲಿಂದ ಮುಂದೆ ಬಟನ್ ಎಷ್ಟು ಒತ್ತಿದರೂ ಅದು ಕಣ್ಣು ಬಿಡಲಿಲ್ಲ. ಸರ್ವಿಸ್ ಸೆಂಟರಿನವರು ಎರಡು ದಿನ ಇಟ್ಟುಕೊಂಡು ಈ ಚೀಟಿ ಕೊಟ್ಟಿದ್ದರು.

“ಚಿಕ್ಕಪ್ಪ, ಇದಕ್ಕೇ ಇಷ್ಟು ಸುರಿಯೋದಾ, ಇಲ್ಲ ಇನ್ನೊಂದಿಷ್ಟು ಸೇರಿಸಿ ಹೊಸದೇ ತಗೊಳ್ಳೋದಾ?” ಅಂತ ಫೋನಿನಲ್ಲಿ ಕೇಳಿದಳು. ಹಿಂದೆಯೇ ಅವಳದೇ ಇನ್ನೊಂದು ಮಾತು, ದನಿ ಸ್ವಲ್ಪ ನಡುಗುತ್ತ: “ಅದರಲ್ಲಿ ನನ್ನ ಪ್ರಾಜೆಕ್ಟ್ ಪೂರ್ತಿ ಇದೆ.”

ಮೊದಲು ಈ ಎರಡನೇ ಮಾತಿಗೆ ಉತ್ತರ. ಮದರ್‌ಬೋರ್ಡ್ ಸತ್ತರೆ ಒಳಗಿನ ಫೈಲುಗಳೂ ಸತ್ತವು ಅಂತ ಬಹಳ ಜನ ತಿಳಿದಿದ್ದಾರೆ. ಹೆಚ್ಚಿನ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಹಾಗಲ್ಲ. ಫೈಲುಗಳಿರುವುದು ಎಸ್‌ಎಸ್‌ಡಿಯಲ್ಲಿ. ಅದು ಬೋರ್ಡಿನ ಮೇಲೆ ಒಂದೇ ಸ್ಕ್ರೂನಿಂದ ನಿಂತಿರುವ, ಚೂಯಿಂಗ್ ಗಮ್ ಪಟ್ಟಿಯಂಥ ಬಿಡಿ ಹಲಗೆ. ಅದನ್ನು ಬಿಚ್ಚಿ ಯುಎಸ್‌ಬಿ ಡಬ್ಬಿಯೊಂದಕ್ಕೆ ಹಾಕಿದರೆ ಬೇರೆ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್ ಥರ ತೆರೆದುಕೊಳ್ಳುತ್ತದೆ. ಒಂದೇ ತೊಡಕು ಬಿಟ್‌ಲಾಕರ್. ಈಚಿನ ವಿಂಡೋಸ್ ಎಷ್ಟೋ ಸಲ ನಮಗೆ ಹೇಳದೆಯೇ ಡಿಸ್ಕಿಗೆ ಬೀಗ ಹಾಕಿರುತ್ತದೆ, ಅದನ್ನು ತೆಗೆಯುವ ಗುಟ್ಟು ಹಳೆಯ ಬೋರ್ಡಿನ ಟಿಪಿಎಂ ಚಿಪ್‌ನಲ್ಲಿ ಉಳಿದುಬಿಡುತ್ತದೆ. ಆಗ 48 ಅಂಕಿಯ ರಿಕವರಿ ಕೀ ಬೇಕು. ಸಾಮಾನ್ಯವಾಗಿ ಅದು ನಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಒಂದು ಕಾಗದದ ಮೇಲೆ ಬರೆದಿಟ್ಟುಕೊಂಡವರು ಪುಣ್ಯವಂತರು. ಈಗಿನ ಮ್ಯಾಕ್‌ಬುಕ್ಕುಗಳ ಕತೆ ಬೇರೆ. ಅವುಗಳಲ್ಲಿ ಸಂಗ್ರಹದ ಚಿಪ್‌ಗಳನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಬೋರ್ಡ್ ಬದಲಾಯಿಸಿದರೆ ಫೈಲುಗಳಿಗೂ ಎಳ್ಳುನೀರು. ಅಂಥ ಯಂತ್ರದಲ್ಲಿ ಒಳಗಿರುವುದು ಬೇಕು ಅಂತಿದ್ದರೆ ಅದೇ ಬೋರ್ಡಿಗೆ ಜೀವ ತುಂಬಬೇಕು, ಬೇರೆ ದಾರಿ ಇಲ್ಲ.

ಇನ್ನು ಅವಳ ಮೊದಲ ಪ್ರಶ್ನೆ. ಸರ್ವಿಸ್ ಸೆಂಟರು ಅವಳ ಮುಂದಿಟ್ಟದ್ದು ಎರಡೇ ದಾರಿ: ಬೋರ್ಡ್ ಬದಲಿಸು, ಇಲ್ಲವೇ ಲ್ಯಾಪ್‌ಟಾಪನ್ನೇ ಬದಲಿಸು. ಬೋರ್ಡನ್ನು ರಿಪೇರಿ ಮಾಡಿಸಬಹುದು ಅನ್ನುವ ಮೂರನೆಯ ದಾರಿ ಚೀಟಿಯಲ್ಲಿ ಇರುವುದಿಲ್ಲ. ಇದನ್ನು ಮೋಸ ಅಂತ ನಾನು ಕರೆಯುವುದಿಲ್ಲ. ಕಂಪನಿಗಳು ಅವರಿಗೆ ಕಲಿಸಿರುವುದೇ ಇಡೀ ಭಾಗವನ್ನು ತೆಗೆದು ಇನ್ನೊಂದನ್ನು ಕೂರಿಸುವ ಕೆಲಸ. ಮೈಕ್ರೋಸ್ಕೋಪು, ಹಾಟ್ ಏರ್ ಗನ್ ಆ ಮೇಜಿನ ಮೇಲೆ ಇರುವುದೇ ಇಲ್ಲ. ಆದ್ದರಿಂದ ಅವರು ‘ಬೋರ್ಡ್ ಹೋಗಿದೆ’ ಅಂದರೆ ಅದರ ಅರ್ಥ ‘ತೊಂದರೆ ಬೋರ್ಡಿನಲ್ಲಿ ಎಲ್ಲೋ ಇದೆ’ ಅಂತ ಅಷ್ಟೇ. ವೈದ್ಯರು ‘ತೊಂದರೆ ಹೊಟ್ಟೆಯಲ್ಲಿದೆ’ ಅಂದ ಹಾಗೆ. ಅಜೀರ್ಣವೋ ಅಪೆಂಡಿಕ್ಸೋ ಗೊತ್ತಾಗದೆ ಯಾರಾದರೂ ಆಪರೇಷನ್ನಿಗೆ ಸಹಿ ಹಾಕುತ್ತಾರೆಯೇ?

ಲ್ಯಾಪ್‌ಟಾಪ್ ಬೋರ್ಡಿನ ಮೇಲೆ ಸಾವಿರಕ್ಕೂ ಹೆಚ್ಚು ಬಿಡಿಭಾಗಗಳಿರುತ್ತವೆ. ಹೆಚ್ಚಿನವು ಎಳ್ಳುಕಾಳಿನಷ್ಟು, ಕೆಲವು ರವೆಯ ಕಾಳಿನಷ್ಟು. ಚಾರ್ಜರಿನಿಂದ ಸುಮಾರು 19 ವೋಲ್ಟ್ ಒಳಗೆ ಬರುತ್ತದೆ. ಅಷ್ಟನ್ನು ನೇರವಾಗಿ ತಾಳುವ ಚಿಪ್‌ಗಳು ಕಡಿಮೆ. ಹಾಗಾಗಿ ಬೋರ್ಡಿನ ಅರ್ಧ ಸಂಸಾರವೆಲ್ಲ ಈ 19ನ್ನು ಇಳಿಸಿ ಹಂಚುವುದರಲ್ಲೇ ಕಳೆಯುತ್ತದೆ. ಮೊದಲು 5 ವೋಲ್ಟ್, 3.3 ವೋಲ್ಟ್ ಹುಟ್ಟಬೇಕು. ಇವು ಲ್ಯಾಪ್‌ಟಾಪ್ ಆಫ್ ಇದ್ದಾಗಲೂ ಎಚ್ಚರವಾಗಿದ್ದು ಬಟನ್ ಒತ್ತುವುದನ್ನು ಕಾಯುತ್ತವೆ. ಬಟನ್ ಒತ್ತಿದ ಮೇಲೆ ರ‍್ಯಾಮ್‌ನದು, ಕೊನೆಗೆ ಪ್ರೊಸೆಸರಿನದು. ಪ್ರೊಸೆಸರಿನ ಗರ್ಭಕ್ಕೆ ಬೇಕಾದದ್ದು ಸುಮಾರು 1 ವೋಲ್ಟ್ ಮಾತ್ರ. ಒಂದು ಮೆಟ್ಟಿಲು ತಪ್ಪಿದರೆ ಮುಂದಿನದು ಹುಟ್ಟುವುದಿಲ್ಲ. ನಮ್ಮ ಕಣ್ಣಿಗೆ ಮಾತ್ರ ಎಲ್ಲ ಒಂದೇ: ಕಪ್ಪು ಪರದೆ.

ಲ್ಯಾಪ್‌ಟಾಪನ್ನು ಬೆಂಗಳೂರಿಗೆ ತರಿಸಿಕೊಂಡೆ. ಟೌನ್‌ಹಾಲಿನಿಂದ ನಡೆದುಹೋಗುವಷ್ಟು ದೂರದಲ್ಲಿರುವ ಸಾದರ್ ಪತ್ರಪ್ಪ ರಸ್ತೆಯನ್ನು ಎಸ್.ಪಿ. ರೋಡ್ ಅಂತಲೇ ಎಲ್ಲರೂ ಕರೆಯುವುದು. ಅಲ್ಲಿ ಮೆಟ್ಟಿಲು ಹತ್ತಿ, ಕೇಬಲ್ಲು ಕೀಬೋರ್ಡುಗಳ ರಾಶಿ ದಾಟಿ ಹೋದರೆ ‘ಚಿಪ್ ಲೆವೆಲ್ ಸರ್ವಿಸ್’ ಅಂತ ಬೋರ್ಡು ಹಾಕಿಕೊಂಡ ಕೋಣೆಗಳು ಸಿಗುತ್ತವೆ. ನನಗೆ ಗೊತ್ತಿರುವ ಹುಡುಗನೊಬ್ಬ ಅಲ್ಲಿದ್ದಾನೆ. ಹುಡುಗ ಅನ್ನುವುದು ಅಭ್ಯಾಸಬಲ, ನಲವತ್ತರ ಹತ್ತಿರ ಬಂದಿದ್ದಾನೆ.

ಅವನು ಬೋರ್ಡನ್ನು ಹೊರಗೆ ತೆಗೆದು, ಚಾರ್ಜರಿನ ಬದಲು ಡಿಸಿ ಪವರ್ ಸಪ್ಲೈಗೆ ಜೋಡಿಸಿದ. ಅದರ ಮುಖದ ಮೇಲೆ ವೋಲ್ಟ್ ಮತ್ತು ಆಂಪಿಯರ್ ಕೆಂಪಕ್ಷರದಲ್ಲಿ ಕಾಣುತ್ತವೆ. ಆಂಪಿಯರ್ ಸೊನ್ನೆಯಲ್ಲೇ ನಿಂತರೆ ಕರೆಂಟು ಒಳಗೇ ಹೋಗುತ್ತಿಲ್ಲ. 0.02ರ ಆಸುಪಾಸಿನಲ್ಲಿದ್ದರೆ ಮನೆಯವರು ಎದ್ದಿದ್ದಾರೆ, ಬಾಗಿಲು ತೆಗೆಯುತ್ತಿಲ್ಲ. ಬಟನ್ ಒತ್ತಿದಾಗ ಸ್ವಲ್ಪ ಏರಿ ಬಿದ್ದುಹೋದರೆ ನಡುವಿನ ಮೆಟ್ಟಿಲೊಂದು ಮುರಿದಿದೆ. ನಮ್ಮದರಲ್ಲಿ ವೋಲ್ಟೇ ಕುಸಿದು ಬಿತ್ತು. “ಮೇನ್ ಲೈನ್ ಶಾರ್ಟ್ ಸಾರ್,” ಅಂದ. ಒಂದು ನಿಮಿಷವೂ ಆಗಿರಲಿಲ್ಲ. ಸರ್ವಿಸ್ ಸೆಂಟರಿನ ಎರಡು ದಿನದಲ್ಲಿ ಈ ವಾಕ್ಯ ಹುಟ್ಟಿರಲಿಲ್ಲ.

19 ವೋಲ್ಟಿನ ಆ ಲೈನಿನ ಮೇಲೆ ಹತ್ತಾರು ಕೆಪ್ಯಾಸಿಟರುಗಳು ಒಂದರ ಪಕ್ಕ ಒಂದು ಕೂತಿರುತ್ತವೆ. ಯಾವುದೋ ಒಂದು ಒಳಗೇ ಸುಟ್ಟು ಕರೆಂಟನ್ನು ನೇರ ನೆಲಕ್ಕೆ ಬಿಡುತ್ತಿದೆ. ಮೀಟರ್ ಇಟ್ಟು ನೋಡಿದರೆ ಎಲ್ಲವೂ ಕಳ್ಳರ ಹಾಗೇ ಕಾಣುತ್ತವೆ, ಯಾಕೆಂದರೆ ಎಲ್ಲ ಒಂದೇ ತಂತಿಗೆ ಸೇರಿದವು. ಅವನು ಸಪ್ಲೈಯನ್ನು 1 ವೋಲ್ಟಿಗೆ ಇಳಿಸಿದ. ಹೆಚ್ಚು ಕೊಟ್ಟರೆ ಬೇರೆ ಚಿಪ್ ಸುಡುವ ಭಯ. ಬೋರ್ಡಿನ ಮೇಲೆ ಬ್ರಷ್ಷಿನಿಂದ ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ, ಕರೆಂಟು ಬಿಟ್ಟು, “ನೋಡ್ತಾ ಇರಿ” ಅಂದ. ಬೋರ್ಡೆಲ್ಲ ಒದ್ದೆಯಾಗಿ ಹೊಳೆಯುತ್ತಿತ್ತು. ಎರಡು ಮೂರು ಸೆಕೆಂಡಿನಲ್ಲಿ ಒಂದು ಮೂಲೆಯಲ್ಲಿ, ಬಿಸಿ ಹಂಚಿಗೆ ನೀರು ಚಿಮುಕಿಸಿದಾಗ ಆಗುವ ಹಾಗೆ, ಒಂದು ಚುಕ್ಕಿ ಥಟ್ಟನೆ ಒಣಗಿತು. ಆ ಒಣಗಿದ ಚುಕ್ಕಿಯ ನಟ್ಟನಡುವೆ ಕಂದುಬಣ್ಣದ ಒಂದು ಕೆಪ್ಯಾಸಿಟರ್. ಹೊರಗಿನಿಂದ ಅದರ ಮೇಲೆ ಒಂದು ಗೀರೂ ಇರಲಿಲ್ಲ.

ಬಿಸಿಗಾಳಿ ಬಿಟ್ಟು ಅದನ್ನು ಎತ್ತಿದ, ಪಕ್ಕದ ಡಬ್ಬದಲ್ಲಿದ್ದ ಸ್ಕ್ರಾಪ್ ಬೋರ್ಡೊಂದರಿಂದ ಅಂಥದೇ ಇನ್ನೊಂದನ್ನು ಕಿತ್ತು ಕೂರಿಸಿದ. ಚಾರ್ಜಿಂಗ್ ಐಸಿಯ ಬಳಿ ಇರುವ, ಕರೆಂಟನ್ನು ಬಿಡುವ, ತಡೆಯುವ ಸ್ವಿಚ್ಚಿನಂಥ ಮಾಸ್‌ಫೆಟ್ ಒಂದೂ ಪೆಟ್ಟು ತಿಂದಿತ್ತು, ಅದನ್ನೂ ಬದಲಿಸಿದ. ಒಟ್ಟು 2,800 ರೂಪಾಯಿ, ಮೂರು ತಿಂಗಳ ಗ್ಯಾರಂಟಿ. ಕಿತ್ತ ಕೆಪ್ಯಾಸಿಟರನ್ನು ಸೆಲ್ಲೋಟೇಪಿನಲ್ಲಿ ಬಿಲ್ಲಿಗೆ ಅಂಟಿಸಿ ಕೊಟ್ಟ. ಹೊಸದನ್ನು ಕೊಳ್ಳಲು ಹೋದರೆ ಅದರ ಬೆಲೆ ಒಂದು ಕಾಫಿಯಷ್ಟೂ ಇಲ್ಲ. ದುಡ್ಡು ಆ ಚುಕ್ಕಿಯನ್ನು ಹುಡುಕಿದ್ದಕ್ಕೆ.

ಈ ಕತೆ ಓದಿ ಎಲ್ಲ ಬೋರ್ಡೂ ಹೀಗೇ ಎದ್ದು ಕೂರುತ್ತದೆ ಅಂದುಕೊಳ್ಳಬೇಡಿ. ಪವರ್ ಲೈನಿನ ದೋಷಗಳು, ಅಂದರೆ ಕೆಪ್ಯಾಸಿಟರ್, ಮಾಸ್‌ಫೆಟ್, ಚಾರ್ಜಿಂಗ್ ಐಸಿ, ಚಾರ್ಜಿಂಗ್ ಪೋರ್ಟ್, ರಿಪೇರಿಗೆ ಒಳ್ಳೆಯ ಗಿರಾಕಿಗಳು. ಲ್ಯಾಪ್‌ಟಾಪನ್ನು ಮೊದಲು ಎಬ್ಬಿಸುವ ಬಯೋಸ್ ಕೆಡುವುದೂ ಹಾಗೆಯೇ. ಎಂಟು ಕಾಲಿನ ಪುಟ್ಟ ಚಿಪ್ ಅದು, ತೆಗೆದು ಪ್ರೋಗ್ರಾಮರಿನಲ್ಲಿಟ್ಟು ಹೊಸದಾಗಿ ಬರೆದರೆ ಮುಗಿಯಿತು. ಅಪ್‌ಡೇಟ್ ನಡೆಯುತ್ತಿರುವಾಗ ಕರೆಂಟು ಹೋಗಿ ‘ಸತ್ತ’ ಲ್ಯಾಪ್‌ಟಾಪುಗಳಲ್ಲಿ ಅನೇಕವು ಸತ್ತಿರುವುದಿಲ್ಲ. ಇವಕ್ಕೆ ಬೋರ್ಡ್ ಬದಲಿಸುವುದು ಚಪ್ಪಲಿಯ ಉಂಗುಷ್ಠ ಕಿತ್ತಿತೆಂದು ಕಾಲನ್ನೇ ಬದಲಿಸಿದ ಹಾಗೆ.

ಪ್ರೊಸೆಸರ್ ಹೋದರೆ ಮಾತು ಬೇರೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಅದನ್ನು ಬೋರ್ಡಿಗೆ ಬೆಸೆದೇ ಬಿಟ್ಟಿರುತ್ತಾರೆ. ಅದಕ್ಕೆ 1 ವೋಲ್ಟ್ ಕೊಡುವ ಮಾಸ್‌ಫೆಟ್ ಕೆಡುವುದರಲ್ಲಿ ಎರಡು ಬಗೆ. ತೆರೆದುಕೊಂಡು ಸತ್ತರೆ ಕರೆಂಟು ನಿಲ್ಲುತ್ತದೆ, ಪ್ರೊಸೆಸರ್ ಬದುಕುತ್ತದೆ. ಶಾರ್ಟ್ ಆಗಿ ಸತ್ತರೆ 19 ವೋಲ್ಟ್ ಸೀದಾ ಪ್ರೊಸೆಸರಿಗೆ ನುಗ್ಗಬಹುದು, ಆಮೇಲೆ ಉಳಿಯುವುದು ಬೂದಿ. ಇಂಥ ಬೋರ್ಡಿಗೆ ಮಾಸ್‌ಫೆಟ್ ಬದಲಿಸಿ ಪ್ರಯೋಜನವಿಲ್ಲ. ಇಲ್ಲಿ ಅರೆಕಲಿತವರು ಎಡವುವ ಜಾಗವೂ ಒಂದಿದೆ: ಪ್ರೊಸೆಸರಿನ ಲೈನಿನಲ್ಲಿ ರೆಸಿಸ್ಟೆನ್ಸ್ ಸಹಜವಾಗಿಯೇ ಬಹಳ ಕಡಿಮೆ. ಮೀಟರ್ ಬೀಪ್ ಅಂದ ಕೂಡಲೇ ‘ಸಿಪಿಯು ಶಾರ್ಟ್’ ಅಂತ ತೀರ್ಪು ಕೊಡುವವರಿದ್ದಾರೆ. ಚೆನ್ನಾಗಿರುವ ಬೋರ್ಡುಗಳನ್ನೂ ಹೀಗೆ ಕೊಂದಿದ್ದಾರೆ.

ಗ್ರಾಫಿಕ್ಸ್ ಚಿಪ್ ವಿಷಯಕ್ಕೆ ಒಂದು ಹಳೆಯ ಪಾಠವಿದೆ. 2006ರ ಜುಲೈ 1ರಿಂದ ಯುರೋಪ್ ತನ್ನ ಮಾರುಕಟ್ಟೆಯ ಎಲೆಕ್ಟ್ರಾನಿಕ್ಸ್‌ನಲ್ಲಿ ಸೀಸವನ್ನು ನಿರ್ಬಂಧಿಸಿತು. 183 ಡಿಗ್ರಿಗೆ ಕರಗುತ್ತಿದ್ದ ಸೀಸದ ಬೆಸುಗೆಯ ಜಾಗಕ್ಕೆ 217 ಡಿಗ್ರಿಯ ಆಸುಪಾಸಿನಲ್ಲಿ ಕರಗುವ ಸೀಸರಹಿತ ಬೆಸುಗೆ ಬಂತು. ಅದೇ ಕಾಲದಲ್ಲಿ ಕೆಲವು ಎನ್‌ವಿಡಿಯಾ ಚಿಪ್‌ಗಳಿದ್ದ ಲ್ಯಾಪ್‌ಟಾಪುಗಳು ಸಾಲುಸಾಲಾಗಿ ಕೆಟ್ಟವು. 2008ರ ಜುಲೈನಲ್ಲಿ ಆ ಕಂಪನಿಯೇ ತಯಾರಿಕೆಯ ವಸ್ತುವಿನ ದೋಷ ಒಪ್ಪಿಕೊಂಡು, ದುರಸ್ತಿ, ಬದಲಾವಣೆಗೆಂದು 15ರಿಂದ 20 ಕೋಟಿ ಡಾಲರ್ ತೆಗೆದಿಡುವುದಾಗಿ ಹೇಳಿತು. ಲೋಕವೆಲ್ಲ ಅದನ್ನು ‘ಬೆಸುಗೆ ಬಿಟ್ಟಿದೆ’ ಅಂತ ಓದಿಕೊಂಡಿತು. ಚಿಪ್ಪನ್ನು ಬಿಸಿ ಮಾಡಿದರೆ ಲ್ಯಾಪ್‌ಟಾಪ್ ಏಳುತ್ತಿತ್ತು ನೋಡಿ. ಬೋರ್ಡನ್ನು ಅಡುಗೆಯ ಓವನ್ನಿನಲ್ಲಿ ಬೇಯಿಸಿದವರೂ ಉಂಟು. ಕೆಲವು ವಾರಕ್ಕೆ ಮತ್ತೆ ಪರದೆ ಕಪ್ಪು. ಬಿರುಕಿದ್ದದ್ದು ಚಿಪ್ಪಿನ ಹೊರಗಿನ ಬೆಸುಗೆ ಗುಂಡುಗಳಲ್ಲಲ್ಲ, ಚಿಪ್ಪಿನ ಒಳಗೆ, ಸಿಲಿಕಾನ್ ತುಂಡು ತನ್ನ ಹಲಗೆಗೆ ಅಂಟುವಲ್ಲಿ. ಹೊರಗಿನ ಗುಂಡುಗಳನ್ನೆಲ್ಲ ತೆಗೆದು ಹೊಸದಾಗಿ ಕೂರಿಸಿದರೂ, ಅಂದರೆ ‘ರೀಬಾಲ್’ ಮಾಡಿದರೂ, ಒಳಗಿನ ಬಿರುಕು ಹಾಗೇ ಉಳಿಯುತ್ತದೆ. ಇವತ್ತಿಗೂ ಯಾರಾದರೂ ‘ಬಿಸಿ ಮಾಡಿ ಕೊಡ್ತೀನಿ’ ಅಂದರೆ ದುಡ್ಡು ಕೊಡಬೇಡಿ. ಅದು ಮಾರುವವರೆಗೆ ಬಾಳುವ ರಿಪೇರಿ.

ನೀರು ಬಿದ್ದ ಬೋರ್ಡು, ರಿಪೇರಿಗೆ ಬಗ್ಗುವ ಮತ್ತು ಬಗ್ಗದ ದೋಷಗಳ ನಡುವಿನದು. ನೀರಿಗಿಂತ ಕಾಫಿ ಕೆಟ್ಟದ್ದು, ಸಕ್ಕರೆ ಹಾಕಿದ ಕಾಫಿ ಇನ್ನೂ ಕೆಟ್ಟದ್ದು, ಎಲ್ಲಕ್ಕಿಂತ ಕೆಟ್ಟದ್ದು ‘ಒಣಗಿತೇನೋ ನೋಡೋಣ’ ಅಂತ ಆನ್ ಮಾಡುವ ನಮ್ಮ ಆತುರ. ತೇವದ ಮೇಲೆ ಕರೆಂಟು ಹರಿದಾಗ ತಾಮ್ರವನ್ನು ತಿಂದುಹಾಕುತ್ತದೆ. ಅಕ್ಕಿ ಡಬ್ಬದಲ್ಲಿ ಹೂತಿಡುವುದರಿಂದ ಅಕ್ಕಿಗೂ ಲಾಭವಿಲ್ಲ, ಬೋರ್ಡಿಗೂ ಲಾಭವಿಲ್ಲ. ಉಪ್ಪು, ಸಕ್ಕರೆ ಒಳಗೇ ಉಳಿಯುತ್ತವೆ. ಚಾರ್ಜರ್ ಕಿತ್ತು, ಆಫ್ ಮಾಡಿ, ಸಾಧ್ಯವಿದ್ದರೆ ಬ್ಯಾಟರಿ ಬಿಚ್ಚಿಸಿ, ಅವತ್ತೇ ತೊಳೆಯಲು ಕೊಡಿ. ಹೌದು, ಬೋರ್ಡನ್ನು ತೊಳೆಯುತ್ತಾರೆ, ಆಲ್ಕೊಹಾಲ್‌ನಲ್ಲಿ ಅಥವಾ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ. ಎರಡು ದಿನದೊಳಗೆ ಬಂದದ್ದು ಬದುಕುವ ಸಂಭವ ಚೆನ್ನಾಗಿದೆ. ಆರು ತಿಂಗಳು ಅಟ್ಟದ ಮೇಲಿಟ್ಟು ತಂದದ್ದರಲ್ಲಿ ಚಿಪ್‌ಗಳ ಅಡಿಯಲ್ಲೇ ಹಸಿರು ಕಿಲುಬು ಹರಡಿರುತ್ತದೆ. ಇವತ್ತು ಒಂದು ಸರಿಹೋದರೆ ನಾಳೆ ಇನ್ನೊಂದು. ಅಂಥದಕ್ಕೆ ದುಡ್ಡು ಸುರಿಯದಿರುವುದೇ ಲೇಸು. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅವರಲ್ಲಿ ಗಾಳಿಯೇ ಅರ್ಧ ಕೆಲಸ ಮಾಡಿರುತ್ತದೆ.

ಹಾಗಾದರೆ ಬೋರ್ಡ್ ಬದಲಿಸುವುದು ಯಾವಾಗ ಸರಿ? ವಾರಂಟಿ ಇದ್ದರೆ ಎರಡನೇ ಮಾತಿಲ್ಲ, ಕಂಪನಿಯೇ ಬದಲಿಸಿಕೊಡಲಿ. ಅಲ್ಲಿಯವರೆಗೆ ಹೊರಗಿನ ಯಾರಿಗೂ ಬಿಚ್ಚಲು ಕೊಡಬೇಡಿ. ವಾರಂಟಿ ಮುಗಿದಿದ್ದರೆ ಅದು ದುಬಾರಿ ಲ್ಯಾಪ್‌ಟಾಪಾಗಿರಬೇಕು, ಎರಡು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಪರದೆ, ಬ್ಯಾಟರಿ, ಕೀಲು ಎಲ್ಲ ಗಟ್ಟಿಯಾಗಿರಬೇಕು. ಬೋರ್ಡಿನ ಬೆಲೆ ಅದೇ ದರ್ಜೆಯ ಹೊಸ ಲ್ಯಾಪ್‌ಟಾಪಿನ ಬೆಲೆಯ ಅರ್ಧ ದಾಟಿದರೆ ನಾನಂತೂ ಒಪ್ಪುವುದಿಲ್ಲ. ಹಳೆಯ ಒಡಲಿಗೆ ಹೊಸ ಹೃದಯ ಹಾಕಿಸಿದ ಮರುವರ್ಷವೇ ಕೀಲು ಮುರಿದ ಉದಾಹರಣೆ ನನ್ನ ಮನೆಯಲ್ಲೇ ಇದೆ.

‘ಸೆಕೆಂಡ್ಸ್ ಬೋರ್ಡ್’ ಅನ್ನುವುದೂ ಒಂದಿದೆ. ಪರದೆ ಒಡೆದ ಬೇರೆ ಲ್ಯಾಪ್‌ಟಾಪಿನಿಂದ ತೆಗೆದ ಬೋರ್ಡು, ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಕೆಲವೊಮ್ಮೆ ಇದೇ ಜಾಣತನ. ಆದರೆ ಲ್ಯಾಪ್‌ಟಾಪಿನ ಹೆಸರು ಒಂದೇ ಆಗಿದ್ದರೆ ಸಾಲದು, ಬೋರ್ಡಿನ ಮೇಲೆ ಮುದ್ರಿಸಿದ ಪಾರ್ಟ್ ನಂಬರ್ ಹೊಂದಬೇಕು. ಪ್ರೊಸೆಸರೂ ಎಷ್ಟೋ ಸಲ ರ‍್ಯಾಮೂ ಬೋರ್ಡಿನ ಜೊತೆಗೇ ಬರುವುದರಿಂದ ಐ5 ಕೊಟ್ಟು ಐ3 ತಂದುಕೊಳ್ಳುವುದು ಸುಲಭ. ಬಯೋಸ್‌ನಲ್ಲಿ ಹಳೆಯ ಕಂಪನಿ ಹಾಕಿದ ಪಾಸ್‌ವರ್ಡ್ ಉಳಿದಿರಬಹುದು. ನಿಮ್ಮ ವಿಂಡೋಸ್ ಪರವಾನಗಿಯ ನಂಟು ಇರುವುದೂ ಹಳೆಯ ಬೋರ್ಡಿನ ಜೊತೆ.

ಇನ್ನೊಂದು ಲೆಕ್ಕ ಈಗ ಹೊಸದಾಗಿ ಸೇರಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಅಧಿಕೃತವಾಗಿ ಓಡಬೇಕಾದರೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಪ್ರೊಸೆಸರಾದರೂ ಬೇಕು. ಆರನೇ, ಏಳನೇ ತಲೆಮಾರಿನ ಲ್ಯಾಪ್‌ಟಾಪಿಗೆ ಅದೇ ತಲೆಮಾರಿನ ಬೋರ್ಡನ್ನು ಸಾವಿರಾರು ಕೊಟ್ಟು ಹಾಕಿಸುವುದು ದಂಡ. ಎರಡು ಸಾವಿರದ ರಿಪೇರಿ ಮಾಡಿಸಿ ಲಿನಕ್ಸ್ ಹಾಕಿಕೊಂಡು ಬರೆಯಲು, ಓದಲು ಬಳಸುವುದಾದರೆ ಅದು ಬೇರೆ ಲೆಕ್ಕ. ಈ ಅಂಕಣ ತಯಾರಾಗುವುದೂ ಅಂಥದೊಂದು ಮುದುಕನ ಮೇಲೆಯೇ.

ರಿಪೇರಿಗೆ ಕೊಡುವ ಮೊದಲು ಮನೆಯಲ್ಲೇ ಒಂದಿಷ್ಟು ನೋಡಿ. ಬೇರೆ ಚಾರ್ಜರ್ ಹಾಕಿ. ಚಾರ್ಜರ್ ಕಿತ್ತು ಪವರ್ ಬಟನನ್ನು ಅರ್ಧ ನಿಮಿಷ ಒತ್ತಿ ಹಿಡಿದು ಬಿಡಿ. ಫ್ಯಾನ್ ತಿರುಗುತ್ತಿದ್ದು ಪರದೆ ಮಾತ್ರ ಕಪ್ಪಗಿದ್ದರೆ ಟಿವಿಗೆ ಜೋಡಿಸಿ ನೋಡಿ. ಬಿಚ್ಚಲು ಬರುವವರು ರ‍್ಯಾಮನ್ನು ತೆಗೆದು, ಅದರ ಹಳದಿ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿ. ‘ಬೋರ್ಡ್ ಹೋಗಿದೆ’ ಅನ್ನಿಸಿಕೊಂಡ ಲ್ಯಾಪ್‌ಟಾಪುಗಳಲ್ಲಿ ಈ ರಬ್ಬರಿಗೆ ಎದ್ದವನ್ನು ನಾನೇ ಮೂರು ಕಂಡಿದ್ದೇನೆ.

ಅಂಗಡಿಯಲ್ಲಿ ಕೇಳಬೇಕಾದದ್ದು ‘ಎಷ್ಟಾಗುತ್ತೆ’ ಅಂತಲ್ಲ, ‘ಯಾವ ಲೈನ್ ಹೋಗಿದೆ’ ಅಂತ. ಗೊತ್ತಿದ್ದವರು ‘3 ವೋಲ್ಟ್ ಬರ್ತಿಲ್ಲ, ಐಸಿ ನೋಡ್ಬೇಕು’ ಅಂತ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಗೊತ್ತಿಲ್ಲದವರು ಲ್ಯಾಪ್‌ಟಾಪನ್ನು ಕೈಯಲ್ಲಿ ತೂಗಿ ನೋಡಿ ಬೆಲೆ ಹೇಳುತ್ತಾರೆ. ನೋಡಿದ್ದಕ್ಕೆ ಐನೂರು ರೂಪಾಯಿ ಕೇಳಿದರೆ ಮುಖ ಸಿಂಡರಿಸಬೇಡಿ. ‘ಸರಿಯಾಗದಿದ್ದರೆ ಕಾಸಿಲ್ಲ’ ಅನ್ನುವ ಕಡೆ ತರಾತುರಿಯಲ್ಲಿ ಬೋರ್ಡನ್ನು ಸುಡುವ ಅಪಾಯ ಹೆಚ್ಚು ಅನ್ನುವುದು ನನ್ನ ಅನುಭವ.

ಈ ಹುಡುಗರ ಕಷ್ಟವೂ ದೊಡ್ಡದು. ಬೋರ್ಡಿನ ನಕ್ಷೆಯನ್ನು ಕಂಪನಿಗಳು ಸಾಮಾನ್ಯವಾಗಿ ಹೊರಗೆ ಬಿಡುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಕದ್ದುಮುಚ್ಚಿ ದಾಟಿ ಬಂದ ನಕ್ಷೆಗಳ ಮೇಲೇ ಈ ವಿದ್ಯೆ ನಿಂತಿದೆ. ರಿಪೇರಿಯ ಹಕ್ಕಿನ ಚೌಕಟ್ಟು ರೂಪಿಸಲು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ಮಾಡಿತು, ಅದೇ ಡಿಸೆಂಬರ್ 24ಕ್ಕೆ ಪೋರ್ಟಲನ್ನೂ ತೆರೆಯಿತು. ಕೃಷಿ ಯಂತ್ರ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹಬಳಕೆಯ ವಸ್ತು, ವಾಹನ ಅಂತ ನಾಲ್ಕು ಕ್ಷೇತ್ರ ಗುರುತಿಸಿದರು. ಪೋರ್ಟಲಿನಲ್ಲಿ ಸರ್ವಿಸ್ ಸೆಂಟರಿನ ವಿಳಾಸ ಸಿಕ್ಕರೆ ಸಾಲದು. ಬೋರ್ಡಿನ ನಕ್ಷೆ ಎಸ್.ಪಿ. ರೋಡಿನ ಮೇಜಿಗೆ ಹಕ್ಕಿನಿಂದ ಬರುವ ತನಕ ರಿಪೇರಿಯ ಹಕ್ಕು ಅನ್ನುವುದು ಅರ್ಧ ಮಾತು.

ಅಣ್ಣನ ಮಗಳ ಲ್ಯಾಪ್‌ಟಾಪ್ ಈಗ ಹದಿನಾಲ್ಕು ತಿಂಗಳಿಂದ ಓಡುತ್ತಿದೆ. ಗುಡುಗು ಕೇಳಿದ ತಕ್ಷಣ ಚಾರ್ಜರ್ ಕೀಳುತ್ತಾಳೆ. ನಿಮ್ಮದನ್ನು ಬದಲಿಸಲೇಬೇಕಾಗಿ ಬಂದರೆ ಒಂದು ಕೆಲಸ ಮಾಡಿ: ಹಳೆಯ ಬೋರ್ಡನ್ನು ಕೇಳಿ ವಾಪಸ್ ತನ್ನಿ. ‘ಅದು ನಮ್ಮಲ್ಲೇ ಬಿಡಬೇಕು’ ಅಂದರೆ, ಅದಕ್ಕೆಷ್ಟು ಕಳೆಯುತ್ತೀರಿ ಅಂತ ಬಿಲ್ಲಾಗುವ ಮೊದಲೇ ಕೇಳಿ. ತಂದದ್ದನ್ನು ಚಿಪ್ ಲೆವೆಲ್ ಅಂಗಡಿಗೆ ಕೊಡಿ. ಇನ್ನೊಬ್ಬರ ಬೋರ್ಡಿಗೆ ಬೇಕಾದ ಕೆಪ್ಯಾಸಿಟರ್ ಅದರ ಮೇಲೆಯೇ ಇರಬಹುದು.